ವನದುರ್ಗಕ್ಕೆ ಓಟು ಬಂದ ಬಗೆ

ಶಹಾಪುರ ತಾಲೂಕಿನ ವನದುರ್ಗಕ್ಕೆ ಹೋದವರು ನೋಡಿ ಬರುವುದು ಸುರಪುರ ನಾಯಕರ ಕಾಲದ ಕೋಟೆಯನ್ನು. ಕೋಟೆಯ ಕಲ್ಲುಗಳಿಗೆ ಬಾಯಿ ಇದ್ದಿದ್ದರೆ ಅವು ಯುದ್ಧದ ಕಥೆಗಳನ್ನೇ ಹೇಳುತ್ತಿದ್ದವೇನೋ. ಆದರೆ ಈ ಸೀಮೆಯಲ್ಲಿ ಇನ್ನೊಂದು ಕಥೆಯೂ ಇದೆ. ಆಳುವವರು ಯಾರೆಂದು ತೀರ್ಮಾನಿಸುವ ಅಧಿಕಾರ ಕೋಟೆಯಿಂದ ಗುಡಿಸಲಿಗೆ ಬಂದ ಕಥೆ ಅದು. ನಮ್ಮ ಪಠ್ಯಪುಸ್ತಕಗಳು ಇದನ್ನು ಹೇಳುವುದಿಲ್ಲ.

ಸುರಪುರದ ಗದ್ದುಗೆಗೆ ಯಾರು ಬರಬೇಕೆಂದು ಪ್ರಜೆಗಳನ್ನು ಯಾರೂ ಕೇಳುತ್ತಿರಲಿಲ್ಲ. ಅರಮನೆಯ ಒಳಜಗಳ, ಹೈದರಾಬಾದಿಗೆ ಸಲ್ಲಬೇಕಾದ ನಜರಾಣೆ, ಬ್ರಿಟಿಷ್ ರೆಸಿಡೆಂಟನ ಒಪ್ಪಿಗೆ, ಈ ಮೂರರಲ್ಲಿ ಎಲ್ಲವೂ ತೀರ್ಮಾನವಾಗುತ್ತಿತ್ತು. ನಜರಾಣೆಯ ಭಾರ ಕೊನೆಗೆ ಬೀಳುತ್ತಿದ್ದುದು ಮಾತ್ರ ರೈತನ ಬೆನ್ನಿನ ಮೇಲೆ. 1840ರ ದಶಕದ ಆರಂಭದಲ್ಲಿ ಅರಸ ತೀರಿಕೊಂಡು ಉತ್ತರಾಧಿಕಾರಿ ಇನ್ನೂ ಬಾಲಕನಾಗಿದ್ದಾಗ ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ ಬಂದು 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡ. ಆತ ವಾಸವಾಗಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲಿದೆ. ಟೇಲರ್ ಒಳ್ಳೆಯ ಆಡಳಿತಗಾರನೇ. ಲೆಕ್ಕಪತ್ರ ಸರಿಪಡಿಸಿದ, ಕಂದಾಯಕ್ಕೆ ಶಿಸ್ತು ತಂದ. ಆದರೆ ಆತ ಉತ್ತರ ಹೇಳಬೇಕಾಗಿದ್ದುದು ಮೇಲಿನವರಿಗೆ, ಜನರಿಗಲ್ಲ. ಆತನ ಆಶ್ರಯದಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಕಂಪೆನಿ ಸರಕಾರದ ವಿರುದ್ಧ ಬಂಡೆದ್ದು ಸೆರೆಯಾಗಿ ಗುಂಡೇಟಿನಿಂದ ಪ್ರಾಣ ಬಿಟ್ಟರು. ಬಳಿಕ ಸಂಸ್ಥಾನ ನಿಜಾಮರ ಪಾಲಾಯಿತು.

ಕನ್ನಡ ನಾಡಿನ ಬೇರೆ ಭಾಗಗಳ ಜೊತೆ ಹೋಲಿಸಿದರೆ ಈ ಸೀಮೆ ಎಷ್ಟು ಹಿಂದೆ ಉಳಿಯಿತೆಂಬುದು ಅರ್ಥವಾಗುತ್ತದೆ. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿಸಿದ್ದರು. ಅದು ಸಲಹೆ ನೀಡುವ ಸಭೆಯಷ್ಟೇ, ಉಳ್ಳವರ ಸಭೆ. ಆದರೂ ಒಂದು ಸಭೆ. ಮುಂಬಯಿ ಪ್ರಾಂತ್ಯದ ಧಾರವಾಡ, ಬಿಜಾಪುರಗಳಲ್ಲಿ ಆಸ್ತಿ ಇದ್ದವರು 1920ರಲ್ಲಿ ಶಾಸನ ಸಭೆಗೆ ಮತ ಹಾಕಿದರು. ಹೈದರಾಬಾದಿನಲ್ಲಿ 1893ರಿಂದ ಶಾಸನ ಮಂಡಳಿ ಇತ್ತಾದರೂ ಅದರಲ್ಲಿ ರೈತನಿಗೆ ಜಾಗವಿರಲಿಲ್ಲ.

1937ರಲ್ಲಿ ಸುಧಾರಣೆಗೆಂದು ದಿವಾನ್ ಬಹಾದ್ದೂರ್ ಅರವಮುದು ಅಯ್ಯಂಗಾರರ ಸಮಿತಿ ನೇಮಕವಾಯಿತು. 1939ರಲ್ಲಿ ಪ್ರಕಟವಾದ ಯೋಜನೆಯಂತೆ 85 ಸದಸ್ಯರ ಸಭೆಯಲ್ಲಿ ಚುನಾಯಿತರು 42 ಮಂದಿ ಮಾತ್ರ, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಊರಿಗೊಬ್ಬ ಪ್ರತಿನಿಧಿ ಎಂಬ ಲೆಕ್ಕವಲ್ಲ, ಕಸುಬಿನ ಲೆಕ್ಕ: ಜಾಗೀರ್‌ದಾರರಿಗಿಷ್ಟು, ವ್ಯಾಪಾರಿಗಳಿಗಿಷ್ಟು, ವಕೀಲರಿಗಿಷ್ಟು. ಚುನಾಯಿತ ಸ್ಥಾನಗಳನ್ನು ಹಿಂದೂಗಳಿಗೂ ಮುಸ್ಲಿಮರಿಗೂ ಸಮನಾಗಿ ಹಂಚಲಾಗಿತ್ತು. ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಎಂಟರಲ್ಲಿ ಒಂದು ಪಾಲು. ಈ ಔದಾರ್ಯದಿಂದ ಬಡ ಮುಸ್ಲಿಮನಿಗೆ ದಕ್ಕಿದ್ದೇನು? ಶಹಾಪುರದ ನೇಕಾರನೋ ಪಿಂಜಾರನೋ ಆ ಸಭೆಯ ಬಾಗಿಲನ್ನೂ ಮುಟ್ಟುವಂತಿರಲಿಲ್ಲ. ಅವನ ಹೆಸರಿನಲ್ಲಿ ಕುರ್ಚಿ ಸಿಗುತ್ತಿದ್ದುದು ನವಾಬರಿಗೆ. ನೆರೆಯವನ ಕಣ್ಣಿನಲ್ಲಿ ಮಾತ್ರ ಅವನೂ ಆಳುವವರ ಪೈಕಿಯೇ ಆಗಿಬಿಟ್ಟ!

ಅದರ ಬೆಲೆ ತೆತ್ತದ್ದು 1948ರಲ್ಲಿ. ರಜಾಕಾರರ ದೌರ್ಜನ್ಯದಲ್ಲಿ ಹಳ್ಳಿಗಳು ನಲುಗಿದವು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಅದಕ್ಕೆ ಸಂಬಂಧವೇ ಇಲ್ಲದ ಮುಸ್ಲಿಮರ ಮೇಲೆ ಪ್ರತೀಕಾರ ನಡೆಯಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ರಾಜ್ಯದಾದ್ಯಂತ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಒಂದು. ಶಹಾಪುರ, ಸುರಪುರಗಳು ಆಗ ಅದೇ ಜಿಲ್ಲೆಯ ತಾಲೂಕುಗಳು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು.

ಇದಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ, 1952ರ ಮಹಾಚುನಾವಣೆ ಬಂತು. 21 ವರ್ಷ ತುಂಬಿದ ಎಲ್ಲರಿಗೂ ಓಟು. ದೇಶಮುಖನಿಗೂ ಒಂದು, ಅವನ ಹೊಲದಲ್ಲಿ ದುಡಿಯುವ ಹೊಲೆಯನಿಗೂ ಒಂದು, ಗಂಡನನ್ನು ಕಳೆದುಕೊಂಡ ಬುರ್ಖಾದ ಹೆಂಗಸಿಗೂ ಒಂದು. ಆಗಿನ ಪದ್ಧತಿಯಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. ಅಕ್ಷರ ಬಾರದವರೇ ತುಂಬಿದ್ದ ನಾಡಿಗೆ ಇದು ತಕ್ಕ ಉಪಾಯ. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ 93ನ್ನು ಗೆದ್ದಿತು. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ನಿಜಾಮರ ಸೆರೆಮನೆ ಕಂಡಿದ್ದ ಸ್ವಾಮಿ ರಮಾನಂದ ತೀರ್ಥರು ಗುಲ್ಬರ್ಗದಿಂದ ಲೋಕಸಭೆಗೆ ಹೋದರು.

ಈ ಚುನಾವಣೆಯಲ್ಲಿ ಮುಸ್ಲಿಮರಿಗೆ ಮೀಸಲು ಸ್ಥಾನವಿರಲಿಲ್ಲ. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನು ಕೈಬಿಟ್ಟಿತ್ತು. ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ವಿರೋಧಿಸಿದರು. ಬೇಗಂ ಐಜಾಜ್ ರಸೂಲ್ ಮಾತ್ರ, ಮೀಸಲು ಸ್ಥಾನ ಸಮುದಾಯವನ್ನು ಶಾಶ್ವತವಾಗಿ ಬೇರ್ಪಡಿಸುತ್ತದೆಂದು ವಾದಿಸಿದರು. ಹೈದರಾಬಾದಿನ ಅನುಭವ ನೋಡಿದರೆ ಬೇಗಂ ಸಾಹೇಬರ ಮಾತಿನಲ್ಲಿ ಹುರುಳಿದೆ. ಆದರೆ ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಚದುರಿ ಬದುಕುವ ಸಮುದಾಯಕ್ಕೆ ಟಿಕೆಟ್ ಸಿಗುವುದೇ ಕಷ್ಟ ಎಂಬ ಇಸ್ಮಾಯಿಲ್ ಸಾಹೇಬರ ಪಾಳಯದ ಆತಂಕವೂ ಸುಳ್ಳಾಗಲಿಲ್ಲ. ಒಬ್ಬರನ್ನು ಸರಿ, ಇನ್ನೊಬ್ಬರನ್ನು ತಪ್ಪು ಎಂದು ತಳ್ಳಿಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಇತಿಹಾಸದ ತಮಾಷೆಯೂ ಇಲ್ಲಿದೆ. 1991ರಲ್ಲಿ ನಾಯಕ, ಬೇಡರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು; ಸುರಪುರ, ಶಹಾಪುರಗಳು ಸೇರಿದ ರಾಯಚೂರು ಲೋಕಸಭಾ ಕ್ಷೇತ್ರವೂ ಹಾಗೆಯೇ. ಹೀಗೆ ಹಳೆಯ ರಾಜಮನೆತನದ ರಾಜಾ ವೆಂಕಟಪ್ಪ ನಾಯಕ ಮೀಸಲು ಕ್ಷೇತ್ರದಲ್ಲಿ ಮನೆ ಮನೆಗೆ ಹೋಗಿ ಓಟು ಕೇಳಿದರು. ಗೆದ್ದರು, ಸೋತೂ ನೋಡಿದರು. 2018ರಲ್ಲಿ ಅವರನ್ನು ಸೋಲಿಸಿದ್ದು ಅರಮನೆಯವರಲ್ಲದ ನರಸಿಂಹ ನಾಯಕ. 2024ರಲ್ಲಿ ಅವರ ನಿಧನದ ಬಳಿಕ ಉಪಚುನಾವಣೆಯಲ್ಲಿ ಮಗ ವೇಣುಗೋಪಾಲ ನಾಯಕ ಗೆದ್ದರು. ಮಗನೇ ಬಂದನೆನ್ನುವುದು ನಿಜ, ಆದರೆ ಈ ಸಲ ಊರವರನ್ನು ಕೇಳಿ ಬರಬೇಕಾಯಿತು.

ಹಳ್ಳಿಯವನಿಗೆ ಶಾಸಕನಿಗಿಂತ ಹತ್ತಿರದ್ದು ಪಂಚಾಯತಿ. ಅದನ್ನು ಗಟ್ಟಿ ಮಾಡಿದವರು ‘ನೀರ್ ಸಾಬ್’ ಎಂದೇ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬ್. ಅವರು ರೂಪಿಸಿದ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಮಹಿಳೆಯರಿಗೆ. 73ನೇ ತಿದ್ದುಪಡಿಗೆ ಆರು ವರ್ಷ ಮೊದಲೇ ಆದ ಕೆಲಸ ಇದು. ಪಂಚಾಯತಿಯಲ್ಲಿ ಹಿಂದುಳಿದ ವರ್ಗಗಳ ಮೀಸಲೂ ಇರುವುದರಿಂದ, ವಿಧಾನಸಭೆಯ ಕನಸೂ ಕಾಣದ ಮುಸ್ಲಿಮ್ ಹೆಣ್ಣುಮಗಳೊಬ್ಬಳು ಅಲ್ಲಿ ಕುಳಿತು ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ಹೇಳಬಹುದು.

ಅದೇ ನಜೀರ್ ಸಾಬರ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರು ಕೂರಬೇಕಾದ ಕುರ್ಚಿಯಲ್ಲಿ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳು ಕೂತರು. ಅವರಲ್ಲಿ ದಕ್ಷರೂ ಇದ್ದಿರಬಹುದು. ಟೇಲರ್ ಕೂಡ ದಕ್ಷನೇ ಆಗಿದ್ದ.