ಕೋಳಿಯೊಡ್ಡಿಯ ಕದ

ಮಲೆನಾಡಿನ ಹಳೆಯ ಮನೆಗಳ ಹಿತ್ತಲಲ್ಲಿ, ಕೊಟ್ಟಿಗೆಯ ಗೋಡೆಗೆ ಆತುಕೊಂಡಂತೆ ಕಲ್ಲುಮಣ್ಣುಗಳಿಂದ ಕಟ್ಟಿ, ಮೇಲೆ ಹಲಗೆಯನ್ನೋ ಹೆಂಚನ್ನೋ ಹೊದಿಸಿ, ಮುಂಭಾಗದಲ್ಲಿ ಒಂದು ಕೋಳಿ ನುಸುಳುವಷ್ಟೇ ಕಂಡಿಯನ್ನು ಬಿಟ್ಟು, ಸಂಜೆಯಾಗುತ್ತಲೆ ಆ ಕಂಡಿಗೆ ಹಲಗೆಯೊಂದನ್ನು ಅಡ್ಡವಿಟ್ಟು ಕಲ್ಲನ್ನೊತ್ತುತ್ತಿದ್ದ ಗಿಡ್ಡ ಕಟ್ಟಡಕ್ಕೆ ಕೋಳಿಯೊಡ್ಡಿ ಎಂದು ಹೆಸರು. ಬಯಲುಸೀಮೆಯಲ್ಲಿ ಅದೇ ಕೋಳಿಗೂಡು. ಅದೂ ಇಲ್ಲದ ಮನೆಗಳಲ್ಲಿ ಮೇದರು ಹೆಣೆದ ಬಿದಿರಿನ ಪಂಜರವನ್ನು ಬೋರಲು ಹಾಕಿ, ಅದರ ಮೇಲೆ ಗುಂಡುಕಲ್ಲೊಂದನ್ನು ಹೇರುವುದು ವಾಡಿಕೆ. ಆ ಹಲಗೆಯೂ ಆ ಕಲ್ಲೂ ಕೋಳಿಯ ಪ್ರಾಣವನ್ನು ಮಾತ್ರವಲ್ಲದೆ, ಎರಡು ಮನೆಗಳ ನಡುವಣ ಸೌಹಾರ್ದವನ್ನೂ ಕಾಯುತ್ತ ಬಂದಿವೆ. ನಮ್ಮ ಗ್ರಾಮಜೀವನದ ಇತಿಹಾಸವನ್ನು ಬರೆಯುವವರು ಅವುಗಳನ್ನು ಗಮನಿಸದಿರುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಮನುಷ್ಯನ ಸಹವಾಸಕ್ಕೆ ಬರುವ ಮುನ್ನ ಕೋಳಿಗೆ ಕದದ ಅಗತ್ಯವಿರಲಿಲ್ಲ. ಅದರ ಮೂಲಪುರುಷನಾದ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೂ, ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯೂ ಹಗಲೆಲ್ಲ ನೆಲವನ್ನು ಕೆದಕಿ ಮೇಯ್ದು, ಕತ್ತಲಾಗುವ ಮೊದಲೇ ಕೊಂಬೆಯನ್ನೇರಿ ಕುಳಿತುಬಿಡುತ್ತವೆ. ಸಾಕುಕೋಳಿಯ ಹಳದಿ ಚರ್ಮದ ಗುಣವು ಈ ಬೂದು ಕಾಡುಕೋಳಿಯಿಂದಲೇ ಬಂದುದೆಂದು ೨೦೦೮ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿರುವುದರಿಂದ, ನಮ್ಮ ಕಾಡಿನ ಹಕ್ಕಿಯ ರಕ್ತವೂ ಊರಕೋಳಿಯಲ್ಲಿ ಸೇರಿದೆಯೆಂದು ಹೇಳಲು ಅಡ್ಡಿಯಿಲ್ಲ. ಕತ್ತಲಲ್ಲಿ ಕಣ್ಣು ಕಾಣದ ಈ ಪಕ್ಷಿಯನ್ನು ಕೊಂಬೆಯಿಂದ ಕೆಳಗಿಳಿಸಿ, ತತ್ತಿಯ ಆಸೆಗೂ ಮಾಂಸದ ಆಸೆಗೂ ಮೈ ಭಾರವಾಗುವಂತೆ ಬೆಳೆಸಿ, ನೆಲದ ಮೇಲೆ ಮಲಗಿಸಿದವನು ಮನುಷ್ಯ. ಮರವು ಕೊಡುತ್ತಿದ್ದ ರಕ್ಷಣೆಯನ್ನು ತಪ್ಪಿಸಿದವನೇ ಅದಕ್ಕೆ ಬದಲಾಗಿ ಗೋಡೆಯನ್ನೂ ಕದವನ್ನೂ ಒದಗಿಸಬೇಕಾಯಿತು.

ಒದಗಿಸದಿದ್ದಾಗ ಏನಾಗುವುದೆಂಬುದನ್ನು ಕಾಡಂಚಿನ ಯಾವ ಊರಿನವರನ್ನು ಕೇಳಿದರೂ ಹೇಳಿಯಾರು. ಹಗಲಿನಲ್ಲಿ ಮರಿಗಳನ್ನು ಎತ್ತಲು ಗಿಡುಗವೂ ಮುಂಗುಸಿಯೂ, ಮುಚ್ಚಂಜೆಯಲ್ಲಿ ನರಿಯೂ, ನಡುರಾತ್ರಿಯಲ್ಲಿ ಕಬ್ಬೆಕ್ಕು ಕಾಡುಬೆಕ್ಕುಗಳೂ, ತತ್ತಿಯ ವಾಸನೆಯನ್ನು ಹಿಡಿದು ಹಾವೂ, ಇವೆಲ್ಲಕ್ಕಿಂತ ಮಿಗಿಲಾಗಿ ನಾಯಿ ಕೋಳಿಗಳಿಗಾಗಿ ಅಂಗಳದವರೆಗೂ ಬರಲಂಜದ ಚಿರತೆಯೂ ಸರದಿಯಂತೆ ಬರುತ್ತವೆ. ಇವುಗಳಲ್ಲಿ ಕೆಲವು ಒಡ್ಡಿಯೊಳಗೆ ಒಮ್ಮೆ ನುಗ್ಗಿದವೆಂದರೆ, ತಪ್ಪಿಸಿಕೊಳ್ಳಲು ದಾರಿ ಕಾಣದೆ ರೆಕ್ಕೆ ಬಡಿಯುವ ಕೋಳಿಗಳನ್ನೆಲ್ಲ ಕೊಂದು, ಒಂದನ್ನು ಮಾತ್ರ ಹೊತ್ತು ನಡೆಯುತ್ತವೆ. ಆದರೆ ನಿಜವಾದ ತೊಂದರೆಯು ಮಾರನೆಯ ರಾತ್ರಿಯಿಂದ ಪ್ರಾರಂಭವಾಗುತ್ತದೆ. ಸುಲಭವಾಗಿ ಆಹಾರ ದೊರೆತ ಎಡೆಗೆ ಮೃಗವು ಮರಳಿ ಬರುತ್ತದೆ, ಅಲ್ಲಿ ಗೂಡು ಬರಿದಾಗಿದ್ದರೆ ಪಕ್ಕದ ಹಿತ್ತಲಿಗೆ ಕಾಲಿಡುತ್ತದೆ. ಭದ್ರವಾದ ಒಡ್ಡಿಯನ್ನು ಕಟ್ಟಿಕೊಂಡು ನೆಮ್ಮದಿಯಾಗಿದ್ದ ಮನೆಯವರ ನಾಯಿಗೂ ಕರುವಿಗೂ ಆಗ ಅಪಾಯ ತಪ್ಪಿದ್ದಲ್ಲ. "ಅಕ್ಕಾ, ನಿಮ್ಮ ಕೋಳಿಗಳನ್ನು ಕತ್ತಲಾಗುವುದರೊಳಗೆ ಕೂಡಿಬಿಡಿ, ನಮ್ಮ ಹಿತ್ತಲಿಗೂ ಕಬ್ಬೆಕ್ಕಿನ ದಾರಿ ಬಿದ್ದಿದೆ" ಎಂದು ಬೇಲಿಯಾಚೆಯಿಂದ ಕೇಳಿಬರುವ ಮಾತಿನಲ್ಲಿ ಮನವಿಯೂ ಇದೆ, ಮುಂದೆ ಜಗಳವಾಗಬಹುದೆಂಬ ಸೂಚನೆಯೂ ಇದೆ.

ಇಂಥ ವ್ಯಾಜ್ಯಗಳಲ್ಲಿ ಹೊಣೆ ಯಾರದೆಂಬ ವಿಚಾರವನ್ನು ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ಬಹಳ ಸೂಕ್ಷ್ಮವಾಗಿ ಮಾಡಿದ್ದಾರೆ. ಪಶುವಿನ ಒಡೆಯನಿಗೂ ಕಾಯುವವನಿಗೂ ನಡುವೆ ಏಳುವ ತಕರಾರಿಗೆ ಸ್ವಾಮಿಪಾಲವಿವಾದವೆಂಬ ಪ್ರತ್ಯೇಕ ಪ್ರಕರಣವೇ ಉಂಟು. ಹಗಲಿನ ಹೊಣೆ ಕಾಯುವವನದು, ರಾತ್ರಿ ಪಶುವು ಮನೆ ಸೇರಿದ ಮೇಲೆ ಹೊಣೆ ಒಡೆಯನದು ಎಂದು ಮನುಸ್ಮೃತಿಯು ವಿಧಿಸುತ್ತದೆ; ಆಡುಕುರಿಗಳನ್ನು ತೋಳಗಳು ಮುತ್ತಿದಾಗ ಕಾಯುವವನು ಧಾವಿಸದಿದ್ದರೆ ದೋಷವು ಅವನದು, ಒಟ್ಟಾಗಿ ಕಾಯ್ದುಕೊಂಡು ಮೇಯಿಸುತ್ತಿರುವಾಗ ತೋಳವೊಂದು ಹಠಾತ್ತನೆ ಹಾರಿ ಕೊಂದರೆ ಅವನು ನಿರ್ದೋಷಿ. ಊರಿನ ಸುತ್ತಣ ಗೋಮಾಳದ ಅಂಚಿನಲ್ಲಿ ಬೇಲಿಯಿಲ್ಲದೆ ಬೆಳೆದ ಪೈರನ್ನು ದನಗಳು ಮೇಯ್ದರೆ ದನಗಾಹಿಗೆ ದಂಡವಿಲ್ಲ. ಬೇಲಿಯಾದರೋ ಒಂಟೆಯು ಇಣುಕಿ ನೋಡಲಾಗದಷ್ಟು ಎತ್ತರವಾಗಿರಬೇಕು, ನಾಯಿಹಂದಿಗಳ ಮೂತಿ ತೂರುವ ಕಿಂಡಿಗಳೆಲ್ಲ ಮುಚ್ಚಿರಬೇಕು. ಇದೇ ಪ್ರಕರಣವನ್ನು ಒಳಗೊಂಡ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆದರೆ ಈ ಪ್ರಕರಣದಲ್ಲಿ ಹಸುವಿದೆ, ಎಮ್ಮೆಯಿದೆ, ಆಡುಕುರಿಗಳಿವೆ, ಕೋಳಿಯಿಲ್ಲ. ಗ್ರಾಮಕುಕ್ಕುಟವು ದ್ವಿಜರಿಗೆ ನಿಷಿದ್ಧವಾದುದರಿಂದ ಶಾಸ್ತ್ರಕಾರರ ದೃಷ್ಟಿ ಅದನ್ನು ಸಾಕುವವರ ಹಿತ್ತಲಿನವರೆಗೆ ಹೋಗಲಿಲ್ಲವೆಂದು ನಾನು ಭಾವಿಸುತ್ತೇನೆ.

ಶಾಸ್ತ್ರದಲ್ಲಿ ಸ್ಥಾನ ದೊರೆಯದ ಕೋಳಿಗೆ ದೈವದ ಮುಂದೆ ಸ್ಥಾನ ದೊರೆಯಿತು, ಬಲಿಯಾಗಿ. ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ಜನ್ನನು ತನ್ನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯ ಬಲಿಯನ್ನೇ ಕಥೆಯ ಕೇಂದ್ರದಲ್ಲಿ ನಿಲ್ಲಿಸಿ ಸಂಕಲ್ಪಹಿಂಸೆಯ ಘೋರಫಲವನ್ನು ಚಿತ್ರಿಸಿದುದು, ಅಂದಿನ ಜನರಿಗೆ ನಿಜವಾದ ಕೋಳಿಯ ಬಲಿ ಎಷ್ಟು ಪರಿಚಿತವಾಗಿದ್ದಿತೆಂಬುದಕ್ಕೂ ಸಾಕ್ಷಿ. ಕಾಡಂಚಿನ ಊರುಗಳಲ್ಲಿ ಹುಲಿದೇವರಿಗೂ, ತುಳುನಾಡಿನಲ್ಲಿ ಪಿಲಿಚಾಮುಂಡಿಗೂ ಹರಕೆ ಹೊತ್ತವರ ಮನಸ್ಸಿನಲ್ಲಿ, ಮೃಗದ ಒಡೆತನವುಳ್ಳ ದೈವವು ತೃಪ್ತವಾದರೆ ಮೃಗವೂ ದೂರ ಉಳಿದೀತೆಂಬ ನಂಬಿಕೆಯಿತ್ತು.

ಬ್ರಿಟಿಷರ ಕಾಲದ ಶಾಸನಕರ್ತರೂ ಕೋಳಿಯನ್ನು ಕಂಡವರಲ್ಲ. ಊರೂರಿಗೆ ದೊಡ್ಡಿಯನ್ನು ತಂದ ೧೮೭೧ರ ಜಾನುವಾರು ಅತಿಕ್ರಮಣ ಕಾಯಿದೆಯು, ದನಕರುಗಳೊಡನೆ ಆನೆ, ಒಂಟೆ, ಕುದುರೆ, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಮೇಕೆಗಳನ್ನೂ ಜಾನುವಾರುಗಳೆಂದು ಎಣಿಸಿ ಕೋಳಿಯನ್ನು ಕೈಬಿಟ್ಟಿತು. ನೆರೆಯವರ ಕೋಳಿ ಒಣಹಾಕಿದ ಭತ್ತವನ್ನು ಕೆದಕಿದರೂ ಅದನ್ನು ದೊಡ್ಡಿಗೆ ಅಟ್ಟುವಂತಿರಲಿಲ್ಲ. ೧೮೬೦ರ ದಂಡಸಂಹಿತೆಯಾದರೋ ಹತ್ತು ರೂಪಾಯಿಗಳಿಗೆ ಕಡಮೆಯಲ್ಲದ ಬೆಲೆಯ ಪ್ರಾಣಿಯನ್ನು ಕೊಂದವನಿಗೆ ವಿಶೇಷ ಶಿಕ್ಷೆಯನ್ನು ವಿಧಿಸಿತು. ಆಣೆಗಳಲ್ಲಿ ಬೆಲೆಬಾಳುತ್ತಿದ್ದ ಕೋಳಿಗೆ ಆ ಕಲಮು ಎಟುಕಲಿಲ್ಲ, ಸಾಮಾನ್ಯ ನಷ್ಟದ ಕಲಮೇ ಗತಿಯಾಯಿತು. ಈ ಬೆಲೆಯ ಮಿತಿ ಅಳಿದುದು ೨೦೨೩ರ ಭಾರತೀಯ ನ್ಯಾಯ ಸಂಹಿತೆಯಲ್ಲಿ. ಹೀಗೆ ಎರಡು ಕಾಲದ ನ್ಯಾಯಶಾಸ್ತ್ರಗಳೂ ಬಿಟ್ಟುಹೋದ ಎಡೆಯನ್ನು ನೆರೆಹೊರೆಯ ಮಾತು ತುಂಬಬೇಕಾಯಿತು. ಮೃಗವು ಕಚ್ಚಿದ ಕೋಳಿಯ ಗರಿಯನ್ನು ತಂದು ತೋರಿಸುವುದು, ನಿಮ್ಮ ನಾಯಿಯ ಕೆಲಸವಲ್ಲ, ಕಾಡುಬೆಕ್ಕಿನದೇ ಎಂದು ಹಿರಿಯರೊಬ್ಬರು ಹೆಜ್ಜೆಯನ್ನು ನೋಡಿ ನಿರ್ಣಯಿಸುವುದು, ಪಾಲಿಗೆ ಸಾಕಲು ಕೊಟ್ಟ ಹೇಟೆ ಹೋಯಿತೆಂದರೆ ನಷ್ಟವನ್ನು ಇಬ್ಬರೂ ಹಂಚಿಕೊಳ್ಳುವುದು, ಇವೆಲ್ಲ ಯಾವ ಕಡತದಲ್ಲಿಯೂ ಸೇರದೆ ಜಗಲಿಯ ಮೇಲೆಯೇ ಮುಗಿದುಹೋಗುತ್ತಿದ್ದ ವ್ಯವಹಾರಗಳು.

ಮೃಗದ ಮೇಲೆ ಕೈಮಾಡುವ ದಾರಿಯೂ ಹಿಂದೆ ತೆರೆದಿತ್ತು. ಉರುಳು ಒಡ್ಡುತ್ತಿದ್ದರು, ಬೋನು ಇಡುತ್ತಿದ್ದರು. ಬ್ರಿಟಿಷ್ ಆಡಳಿತವು ಹುಲಿ ಚಿರತೆಗಳನ್ನು ಕೊಂದವರಿಗೆ ಬಹುಮಾನವನ್ನೇ ಕೊಡುತ್ತಿತ್ತು. ಶಸ್ತ್ರ ಕಾಯಿದೆಯಿಂದ ವಿನಾಯಿತಿ ಪಡೆದ ಕೊಡವರ ಮನೆಗಳಲ್ಲಿ ಕೋವಿಯು ಗೃಹೋಪಕರಣಗಳಲ್ಲೊಂದಾಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ದಾರಿಯನ್ನು ಮುಚ್ಚಿತು. ಮುಚ್ಚಿದುದು ಸರಿಯೆಂದೇ ನನ್ನ ದೃಢವಾದ ಅಭಿಪ್ರಾಯ; ಹಸಿದ ಕಬ್ಬೆಕ್ಕಿಗೆ ಇದು ನೆರೆಯವರ ಸೊತ್ತೆಂಬ ವಿವೇಚನೆ ಇರಲಾರದು, ಕದ ತೆರೆದಿಟ್ಟವನ ತಪ್ಪಿಗೆ ಅದು ಪ್ರಾಣ ತೆರಬೇಕಾಗಿಲ್ಲ. ಉಳಿದ ಉಪಾಯ ಭದ್ರವಾದ ಒಡ್ಡಿಯೊಂದೇ. ಇಂಗ್ಲೆಂಡಿನ ನಾರ್ವಿಚ್ ನಗರದ ಚಾರ್ಲ್ಸ್ ಬರ್ನಾರ್ಡನು ೧೮೪೪ರಲ್ಲಿ, ಬಟ್ಟೆ ನೇಯುವ ಮಗ್ಗವನ್ನು ಅನುಸರಿಸಿ ಯಂತ್ರದಿಂದ ಹೆಣೆಯಲಾರಂಭಿಸಿದ ತಂತಿಬಲೆಯು ಕ್ರಮೇಣ ನಮ್ಮ ಪೇಟೆಗಳ ಕಬ್ಬಿಣದಂಗಡಿಗಳಿಗೂ ಬಂದು, ಬಿದಿರಿನ ಪಂಜರವನ್ನು ಹಿಂದಕ್ಕೆ ಸರಿಸಿತು. ಆದರೆ ಆರು ಮೂಲೆಯ ಕಣ್ಣುಗಳ ಆ ತೆಳುಬಲೆ ಕೋಳಿ ಹೊರಹೋಗದಂತೆ ತಡೆಯಬಲ್ಲುದೇ ಹೊರತು, ಹಸಿದ ನಾಯಿನರಿಗಳ ಹಲ್ಲಿಗೂ ನೆಲವನ್ನು ಅಗೆಯುವ ಉಗುರಿಗೂ ಬಹುಕಾಲ ನಿಲ್ಲುವಂಥದಲ್ಲ. ಬಲೆ ಹೊಡೆದೆವೆಂಬ ನೆಮ್ಮದಿಯಲ್ಲಿ ರಾತ್ರಿಯ ಹಲಗೆಯನ್ನು ಬಿಟ್ಟವರು ಹಿಂದಿನವರಿಗಿಂತ ಹೆಚ್ಚು ಕೋಳಿಗಳನ್ನು ಕಳೆದುಕೊಂಡರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಲ ಸಾಕಣೆಗೆಂದೇ ರೂಪಿಸಿದ ಗಿರಿರಾಜದಂಥ ಮೈತುಂಬಿದ ತಳಿಗಳು ಬಂದ ಮೇಲಂತೂ, ನಾಟಿಕೋಳಿಯಂತೆ ಹಾರಿ ಕೊಂಬೆಯೇರಿಯಾವೆಂದು ನಂಬಿ ಕೂರುವಂತಿಲ್ಲ.

ಗೂಡು ಸಡಿಲವಾಗಿರುವುದಕ್ಕೆ ಸೋಮಾರಿತನವೇ ಕಾರಣವೆಂದು ನೆರೆಯವರು ಬೇಗನೆ ತೀರ್ಮಾನಿಸಿಬಿಡುತ್ತಾರೆ. ಆದರೆ ನಮ್ಮ ಹಳ್ಳಿಗಳಲ್ಲಿ ಕೋಳಿಯು ಬಹುಮಟ್ಟಿಗೆ ಬಡವರ ಮನೆಯ ಹೆಂಗಸರ ಸ್ವಂತ ಸೊತ್ತು. ಉಪ್ಪಿಗೂ ಮಕ್ಕಳ ಪುಸ್ತಕಕ್ಕೂ ಗಂಡನನ್ನು ಕೇಳದೆ ಬಳಸಬಹುದಾದ ಹಣವು ಅವರಿಗೆ ಒದಗುತ್ತಿದ್ದುದು ತತ್ತಿಯಿಂದ. ನಾಲ್ಕು ಕೋಳಿಗಳಿಗಾಗಿ ಗಟ್ಟಿ ಹಲಗೆಯನ್ನೂ ಬಡಗಿಯ ಕೂಲಿಯನ್ನೂ ಹೊಂದಿಸುವ ಶಕ್ತಿ ಅವರಿಗಿಲ್ಲ. ದೂರು ಹೇಳುವ ಮನೆಯ ಅಟ್ಟದ ಮೇಲಾದರೋ ಹಳೆಯ ಹಲಗೆಗಳು ಗೆದ್ದಲು ತಿನ್ನುತ್ತ ಬಿದ್ದಿರುತ್ತವೆ. ಆ ಹಲಗೆಗಳನ್ನು ಇಳಿಸಿ ಬೇಲಿಯಾಚೆ ದಾಟಿಸಿ, ಆಳನ್ನು ಕಳುಹಿಸಿ ಒಡ್ಡಿಯ ತಳಕ್ಕೆ ಚಪ್ಪಡಿ ಹಾಸಿಸಿ, ಕದಕ್ಕೆ ಅಗುಳಿ ಹಾಕಿಸಿಕೊಟ್ಟ ಯಜಮಾನರೂ ನಮ್ಮ ನಾಡಿನಲ್ಲಿ ಇದ್ದರು, ಈಗಲೂ ಇದ್ದಾರೆ. ಅಂಥವರ ಕೇರಿಗೆ ಕಬ್ಬೆಕ್ಕು ಬಂದರೂ, ಇಲಿಯನ್ನೋ ಬಗನಿಯ ಹಣ್ಣನ್ನೋ ತಿಂದು ಕಾಡಿಗೆ ಮರಳುತ್ತದೆ.