ವೈಯಕ್ತಿಕ ಗಣಕಯಂತ್ರದ ಚರಿತ್ರೆಯಲ್ಲಿ ಬಳಕೆದಾರನ ಪಾತ್ರ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ನಿರ್ಮಾಪಕರ ಚರಿತ್ರೆಯನ್ನೇ ಬರೆಯುತ್ತಾರೆ. ಯಾವ ಸಂಸ್ಥೆಯು ಯಾವ ವರ್ಷದಲ್ಲಿ ಯಾವ ಮಾದರಿಯನ್ನು ಹೊರತಂದಿತು, ಅದರ ವೇಗವೆಷ್ಟು, ಬೆಲೆಯೆಷ್ಟು ಎಂಬ ಪಟ್ಟಿಯೇ ಚರಿತ್ರೆಯೆನಿಸಿಕೊಳ್ಳುತ್ತದೆ. ಅರಸರ ವಂಶಾವಳಿಯನ್ನೇ ನಾಡಿನ ಇತಿಹಾಸವೆಂದು ಬಗೆಯುತ್ತಿದ್ದ ಹಿಂದಿನ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕೆರೆಯನ್ನು ಕಟ್ಟಿದವರಿಗೂ ಅದನ್ನು ಕಾಲಕಾಲಕ್ಕೆ ಜೀರ್ಣೋದ್ಧಾರ ಮಾಡಿದವರಿಗೂ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟಗಳ ಶಾಸನಗಳನ್ನು ಓದಿದ ಮೇಲೆಯೇ ನಮ್ಮ ನಾಡಿನ ಚರಿತ್ರೆಗೆ ಜನಜೀವನದ ಆಧಾರ ದೊರೆಯಿತಷ್ಟೆ. ಅದೇ ದೃಷ್ಟಿಯಿಂದ ವೈಯಕ್ತಿಕ ಗಣಕಯಂತ್ರದ, ಎಂದರೆ ಪರ್ಸನಲ್ ಕಂಪ್ಯೂಟರಿನ, ಅರ್ಧ ಶತಮಾನದ ಚರಿತ್ರೆಯನ್ನು ನೋಡಿದರೆ, ಅದರ ಹಲವು ನಿರ್ಣಾಯಕ ಘಟ್ಟಗಳಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ಕೈಯಿಟ್ಟ ಬಳಕೆದಾರನು ಕಾಣಿಸಿಕೊಳ್ಳುತ್ತಾನೆ. ಅವನ ಪಾತ್ರವೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

1975ರ ಜನವರಿಯಲ್ಲಿ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಎಂಬ ಅಮೆರಿಕದ ಮಾಸಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಪ್ರಕಟವಾಯಿತು. ನ್ಯೂ ಮೆಕ್ಸಿಕೊ ಸಂಸ್ಥಾನದ ಆಲ್ಬುಕರ್ಕಿ ನಗರದಲ್ಲಿದ್ದ ಎಂ.ಐ.ಟಿ.ಎಸ್. ಎಂಬ ಸಣ್ಣ ಸಂಸ್ಥೆ ಇದರ ನಿರ್ಮಾಪಕ. ಇಂಟೆಲ್ 8080 ಪ್ರೊಸೆಸರ್, ಸೆಕೆಂಡಿಗೆ 20 ಲಕ್ಷ ಮಿಡಿತದ, ಎಂದರೆ 2 ಮೆಗಾಹರ್ಟ್ಸ್‌ನ ವೇಗ, 256 ಬೈಟುಗಳ ಮೆಮೊರಿ, ಇವಿಷ್ಟೇ ಅದರ ಬಂಡವಾಳ. ಕೀಲಿಮಣೆಯಿಲ್ಲ, ಪರದೆಯಿಲ್ಲ, ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆಜ್ಞೆಗಳನ್ನು ಕೊಡಬೇಕು, ದೀಪಗಳ ಸಾಲನ್ನು ನೋಡಿ ಉತ್ತರವನ್ನು ತಿಳಿಯಬೇಕು. ಸುಮಾರು 400 ಡಾಲರು ತೆತ್ತವನ ಮನೆಗೆ ಬರುತ್ತಿದ್ದುದಾದರೂ ಸಿದ್ಧಯಂತ್ರವಲ್ಲ, ಬಿಡಿಭಾಗಗಳ ಕಟ್ಟು. ಅವನ್ನು ಬೆಸುಗೆಹಾಕಿ ಜೋಡಿಸುವ ಹೊಣೆ ಕೊಂಡವನದೇ. ಹೀಗಾಗಿ ವೈಯಕ್ತಿಕ ಗಣಕಯಂತ್ರದ ಮೊದಲ ಒಡೆಯರು ಅದರ ಅರ್ಧ ನಿರ್ಮಾಪಕರೂ ಆಗಿದ್ದರು.

ಆ ಯಂತ್ರಕ್ಕೆ ಅದರ ನಿರ್ಮಾಪಕರೇ ಒದಗಿಸಿದ 4 ಕಿಲೋಬೈಟಿನ ಮೆಮೊರಿ ಹಲಗೆಗಳು ಸರಿಯಾಗಿ ಕೆಲಸ ಮಾಡಲಿಲ್ಲ. ಈ ನ್ಯೂನತೆಯನ್ನು ಮನಗಂಡ ಬಳಕೆದಾರರು ಸುಮ್ಮನಿರಲಿಲ್ಲ. ಆಲ್ಟೇರಿನ ಒಳಗೆ ಹಲಗೆಗಳನ್ನು ಸಿಕ್ಕಿಸುವ 100 ಸಂಪರ್ಕಗಳ ಹಾದಿಯೊಂದಿದ್ದಿತು. ಅದರ ರಚನೆಯನ್ನು ಅರಿತವರು ಅದಕ್ಕೆ ಹೊಂದುವ ಹಲಗೆಗಳನ್ನು ತಾವೇ ತಯಾರಿಸಬಹುದಾಗಿದ್ದಿತು. 1975ರಲ್ಲಿಯೇ ಆರಂಭವಾದ ಪ್ರೊಸೆಸರ್ ಟೆಕ್ನಾಲಜಿ ಎಂಬ ಸಂಸ್ಥೆ ಅಂಥ ಮೆಮೊರಿ ಹಲಗೆಗಳನ್ನು ಮಾರಿತು. ಅದೇ ವರ್ಷದ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಕಾರುಕೊಟ್ಟಿಗೆಯಲ್ಲಿ, ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೊದಲ ಸಭೆ ಸೇರಿದ್ದಿತು. ಆಪಲ್ ಯಂತ್ರವನ್ನು ರೂಪಿಸಿದ ಸ್ಟೀವ್ ವಾಸ್ನಿಯಾಕ್ ಆ ಗೋಷ್ಠಿಯ ಸದಸ್ಯರಲ್ಲೊಬ್ಬರು. ಯಂತ್ರದ ದೋಷವನ್ನು ತಿದ್ದುವ ಯತ್ನ ಒಂದು ಹೊಸ ಉದ್ಯಮಕ್ಕೆ ನಾಂದಿಯಾದುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮುಂದಿನ ಘಟ್ಟದಲ್ಲಿ ಪ್ರಶ್ನೆ ಸ್ಪಷ್ಟರೂಪ ತಾಳಿತು: ಒಡೆಯನಿಗೆ ಯಂತ್ರದೊಳಗೆ ಎಷ್ಟು ಅವಕಾಶ ಕೊಡಬೇಕು? 1977ರ ಆಪಲ್ 2 ಯಂತ್ರದಲ್ಲಿ ಹೊಸ ಹಲಗೆಗಳನ್ನು ಸೇರಿಸಲು ಎಂಟು ಸ್ಲಾಟುಗಳಿದ್ದವು. ಎರಡೇ ಸಾಕೆಂದು ಸ್ಟೀವ್ ಜಾಬ್ಸ್ ವಾದಿಸಿದ್ದರೆಂದೂ ತಾವು ಎಂಟಕ್ಕೇ ಪಟ್ಟುಹಿಡಿದುದಾಗಿಯೂ ವಾಸ್ನಿಯಾಕ್ ಹೇಳಿಕೊಂಡಿದ್ದಾರೆ. 1984ರಲ್ಲಿ ಅದೇ ಸಂಸ್ಥೆಯಿಂದ ಬಂದ ಮ್ಯಾಕಿಂಟಾಷ್ ಯಂತ್ರದಲ್ಲಿ ಇಂಥ ಸ್ಲಾಟು ಒಂದೂ ಇರಲಿಲ್ಲ. ಅದರ ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಲು ಮನೆಯಲ್ಲಿರುವ ಸಾಮಾನ್ಯ ಸಾಧನ ಸಾಲುತ್ತಿರಲಿಲ್ಲ. ಯಂತ್ರವನ್ನು ತೆರೆದಿಡಬೇಕೆಂಬ ಮತವೂ ಮುಚ್ಚಿಡಬೇಕೆಂಬ ಮತವೂ ಒಂದೇ ಸಂಸ್ಥೆಯೊಳಗೆ ಏಳು ವರ್ಷಗಳ ಅಂತರದಲ್ಲಿ ಕಾರ್ಯರೂಪಕ್ಕೆ ಬಂದವು.

ಈ ಎರಡರ ನಡುವೆ, 1981ರ ಆಗಸ್ಟ್ 12ರಂದು, ಐ.ಬಿ.ಎಂ. ಸಂಸ್ಥೆ ತನ್ನ 5150 ಮಾದರಿಯನ್ನು ಹೊರತಂದಿತು. ಅದರ ಪ್ರೊಸೆಸರ್ ಇಂಟೆಲ್ 8088, ವೇಗ 4.77 ಮೆಗಾಹರ್ಟ್ಸ್. ಬಹುತೇಕ ಭಾಗಗಳು ಹೊರಗಿನ ಪೇಟೆಯಲ್ಲಿ ದೊರೆಯುವಂಥವು. ಅದರ ತಾಂತ್ರಿಕ ಕೈಪಿಡಿಯಲ್ಲಿ ಮಂಡಲಗಳ ನಕ್ಷೆಯನ್ನೂ, ಯಂತ್ರವನ್ನು ಎಚ್ಚರಿಸುವ ಮೂಲ ಆಜ್ಞಾವಳಿಯಾದ ಬಯಾಸ್‌ನ ಪೂರ್ಣ ಪಾಠವನ್ನೂ ಅಚ್ಚು ಮಾಡಲಾಗಿದ್ದಿತು. ಆ ಪಾಠವನ್ನು ನಕಲುಮಾಡದೆ ಅದೇ ಕಾರ್ಯವನ್ನೆಸಗುವ ಬೇರೊಂದು ಆಜ್ಞಾವಳಿಯನ್ನು ಬರೆದು, ಕಾಂಪ್ಯಾಕ್ ಸಂಸ್ಥೆಯು 1983ರಲ್ಲಿ ಐ.ಬಿ.ಎಂ. ಯಂತ್ರಕ್ಕೆ ಹೊಂದುವ ತನ್ನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅನಂತರ ಇತರರೂ ಇದೇ ಹಾದಿ ಹಿಡಿದರು. ಭಾಗಗಳ ಅಳತೆಯೂ ಜೋಡಣೆಯ ಕ್ರಮವೂ ಒಬ್ಬ ನಿರ್ಮಾಪಕನ ಸ್ವತ್ತಾಗದೆ ಲೋಕದ ರೂಢಿಯಾದವು.

ನಮ್ಮ ನಾಡಿಗೂ ಈ ಬೆಳವಣಿಗೆಗೂ ಇರುವ ಸಂಬಂಧ ಇಲ್ಲಿಯೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿಗಳನ್ನು ಬಿಡಿಬಿಡಿಯಾಗಿ ಆರಿಸಿ, ತಮ್ಮ ಹಣಕ್ಕೆ ತಕ್ಕ ಯಂತ್ರವನ್ನು ಜೋಡಿಸಿಕೊಂಡು ಮನೆಗೆ ತಂದವರು ಅಸಂಖ್ಯರು. 'ಅಸೆಂಬಲ್ಡ್' ಎಂದು ಜನ ಕರೆಯುವ ಈ ಯಂತ್ರ, ದೂರದಲ್ಲಿ ಪ್ರಕಟವಾದ ಒಂದು ಕೈಪಿಡಿಯ ಪರೋಕ್ಷ ಫಲವೆಂದರೆ ಅತಿಶಯೋಕ್ತಿಯಾಗದು.

ತೆರೆದ ಪೆಟ್ಟಿಗೆ ದೊರೆತ ಮೇಲೆ ವೇಗದ ವಿಷಯದಲ್ಲಿ ಒಡೆಯನಿಗೂ ನಿರ್ಮಾಪಕನಿಗೂ ಘರ್ಷಣೆ ಆರಂಭವಾಯಿತು. 1984ರ ಐ.ಬಿ.ಎಂ. ಎ.ಟಿ. ಯಂತ್ರದ ಪ್ರೊಸೆಸರ್ 6 ಮೆಗಾಹರ್ಟ್ಸ್ ವೇಗದ್ದು. ಅದಕ್ಕೆ ತಾಳ ಹಾಕುತ್ತಿದ್ದ ಸ್ಫಟಿಕ 12 ಮೆಗಾಹರ್ಟ್ಸಿನದು. ಅದರ ಅರ್ಧವೇ ಪ್ರೊಸೆಸರಿನ ವೇಗ. ಸ್ಫಟಿಕವನ್ನು ಬೆಸುಗೆಯಿಲ್ಲದೆ ಸುಮ್ಮನೆ ಸಿಕ್ಕಿಸಲಾಗಿದ್ದಿತಾದುದರಿಂದ, ಅದನ್ನು ಕಿತ್ತು 16 ಮೆಗಾಹರ್ಟ್ಸಿನ ಸ್ಫಟಿಕವನ್ನಿಟ್ಟರೆ ಯಂತ್ರ 8 ಮೆಗಾಹರ್ಟ್ಸಿನಲ್ಲಿ ಓಡುತ್ತಿದ್ದಿತು. ಆಸಕ್ತರು ಹಾಗೆಯೇ ಮಾಡಿದರು. ಅನಂತರದ ಎ.ಟಿ. ಯಂತ್ರಗಳ ಬಯಾಸ್‌ನಲ್ಲಿ ಐ.ಬಿ.ಎಂ. ಸಂಸ್ಥೆಯು ವೇಗವನ್ನು ಪರೀಕ್ಷಿಸುವ ಆಜ್ಞೆಯನ್ನು ಸೇರಿಸಿ, ಮಿತಿ ಮೀರಿದರೆ ಯಂತ್ರ ಏಳದಂತೆ ಮಾಡಿತು.

1998ರ ಆಗಸ್ಟಿನಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಈ ಘರ್ಷಣೆಯ ಪ್ರಸಿದ್ಧ ನಿದರ್ಶನ. ಪ್ರೊಸೆಸರಿನ ವೇಗವು ಎರಡು ಸಂಖ್ಯೆಗಳ ಗುಣಲಬ್ಧ: ಹೊರಗಿನ ಹಾದಿಯ ವೇಗ, ಒಳಗಿನ ಗುಣಕ. ಕಡಮೆ ವೇಗದ ಪ್ರೊಸೆಸರುಗಳ ಮೇಲೆ ಹೆಚ್ಚಿನ ವೇಗದ ಮುದ್ರೆಯೊತ್ತಿ ಮಾರುವ ವಂಚಕರು ಆ ದಶಕದಲ್ಲಿ ತಲೆಯೆತ್ತಿದ್ದರಿಂದ, ಗುಣಕವನ್ನು ಇಂಟೆಲ್ ಸಂಸ್ಥೆ ಬದಲಾಯಿಸಲಾಗದಂತೆ ಬಂಧಿಸಿದ್ದಿತು. ಹೊರಹಾದಿಯ ವೇಗ ಮಾತ್ರ ಮದರ್‌ಬೋರ್ಡಿನ ಕೈಯಲ್ಲಿದ್ದಿತು. ಅದನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದರೆ, 4.5ರ ಗುಣಕದಿಂದ 300 ಮೆಗಾಹರ್ಟ್ಸಿನ ಪ್ರೊಸೆಸರ್ 450ಕ್ಕೆ ಮುಟ್ಟುತ್ತಿದ್ದಿತು. ಹಲವು ಪಟ್ಟು ಬೆಲೆಯ ಪೆಂಟಿಯಂ 2ರ ವೇಗಕ್ಕೆ ಸಮನಾಗುತ್ತಿದ್ದಿತು. ಓವರ್‌ಕ್ಲಾಕಿಂಗ್ ಎಂಬ ಈ ಕೌಶಲವು, ಪೇಟೆಯಲ್ಲಿ ವೇಗದ ಮೇಲೆ ಕಟ್ಟುವ ಬೆಲೆಗೂ ವಸ್ತುವಿನ ನಿಜವಾದ ಸಾಮರ್ಥ್ಯಕ್ಕೂ ಅಂತರವಿರಬಹುದೆಂಬುದನ್ನು ಸಾಮಾನ್ಯರಿಗೆ ತೋರಿಸಿಕೊಟ್ಟಿತು.

ಆದರೆ ಬಳಕೆದಾರನ ಪಕ್ಷವನ್ನು ವಹಿಸುವ ಭರದಲ್ಲಿ ಪ್ರಕೃತಿಯ ನಿಯಮವನ್ನು ಮರೆಯಲಾಗದು. ಪ್ರೊಸೆಸರ್ ಬಳಸುವ ಶಕ್ತಿ ಮಿಡಿತದ ವೇಗದೊಡನೆಯೂ, ವಿದ್ಯುತ್ತಿನ ವೋಲ್ಟೇಜಿನ ವರ್ಗದೊಡನೆಯೂ ಏರುತ್ತದೆ. ಆ ಶಕ್ತಿಯೆಲ್ಲ ಕೊನೆಗೆ ಕಾವಾಗಿ ಹೊರಬರಬೇಕು. ಟ್ರಾನ್ಸಿಸ್ಟರು ಕಿರಿದಾದಂತೆ ವೋಲ್ಟೇಜನ್ನೂ ಇಳಿಸಿ ವೇಗವನ್ನೇರಿಸಬಹುದೆಂದು 1974ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ್ದರು. ಮೂವತ್ತು ವರ್ಷಗಳಾದ ಮೇಲೆ ವೋಲ್ಟೇಜು ಇಳಿಯದಾಯಿತು, ವಿದ್ಯುತ್ತಿನ ಸೋರಿಕೆ ಹೆಚ್ಚಿತು. 2004ರಲ್ಲಿ 3.8 ಗಿಗಾಹರ್ಟ್ಸ್ ಮುಟ್ಟಿದ ಪೆಂಟಿಯಂ 4, ಘೋಷಿತವಾಗಿದ್ದ 4 ಗಿಗಾಹರ್ಟ್ಸನ್ನು ಮುಟ್ಟಲಿಲ್ಲ. ಆ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. 2005ರಿಂದ ಒಂದೇ ಚಿಪ್ಪಿನಲ್ಲಿ ಎರಡು, ಮುಂದೆ ಇನ್ನೂ ಹೆಚ್ಚು ಪ್ರೊಸೆಸರುಗಳನ್ನು ಕೂಡಿಸುವ ಮಾರ್ಗ ಮುಖ್ಯವಾಯಿತು. ಧೂಳು ತೆಗೆಯುವುದು, ಪಂಕವನ್ನು ಸರಿಪಡಿಸುವುದು, ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಉಷ್ಣವಾಹಕ ಲೇಪವನ್ನು ಹಚ್ಚುವುದು ಇವೆಲ್ಲ ವೇಗದಷ್ಟೇ ಗೌರವದ ವಿಷಯಗಳಾದುದು ಈ ಕಾವಿನಿಂದಲೇ.

ದುರಸ್ತಿಯ ಮಹತ್ತ್ವವನ್ನು ಇನ್ನೊಂದು ಪ್ರಸಂಗವೂ ಎತ್ತಿತೋರಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅನೇಕ ಮದರ್‌ಬೋರ್ಡುಗಳ ಕೆಪಾಸಿಟರುಗಳು, ಒಳಗಿನ ದ್ರವದ ದೋಷದಿಂದ, ನೆತ್ತಿ ಉಬ್ಬಿ ಸೋರತೊಡಗಿದವು. ನೋಡಬಲ್ಲವನಿಗೆ ರೋಗ ಕಣ್ಣಿಗೇ ಕಾಣುತ್ತಿದ್ದಿತು. ಬೆಸುಗೆ ಬಲ್ಲವನು ಅಲ್ಪವ್ಯಯದಲ್ಲಿ ಅದನ್ನು ನೀಗಬಹುದಾಗಿದ್ದಿತು. ಅರಿಯದವನಿಗೆ ಇಡೀ ಯಂತ್ರವೇ ನಷ್ಟ.

ಇಂದು ಪೆಟ್ಟಿಗೆ ಮತ್ತೆ ಮುಚ್ಚುತ್ತಿದೆ. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಮೆಮೊರಿಯನ್ನು ಹಲಗೆಗೇ ಬೆಸೆಯಲಾಗಿದ್ದಿತು. 2020ರ ಎಂ1 ಯಂತ್ರಗಳಲ್ಲಿ ಅದು ಪ್ರೊಸೆಸರಿನ ಜೊತೆಗೇ ಒಂದೇ ಕವಚದೊಳಗೆ ಸೇರಿತು. ಇದಕ್ಕೆ ಸಕಾರಣವಿಲ್ಲದೆ ಇಲ್ಲ: ಸಂಪರ್ಕಗಳು ಕಿರಿದಾದಷ್ಟೂ ವೇಗ ಹೆಚ್ಚು, ವ್ಯಯ ಕಡಮೆ, ಯಂತ್ರ ಹಗುರ. ಆದರೆ ಮೆಮೊರಿಯ ಒಂದು ಭಾಗ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಅಮೆರಿಕದ ಮಿನೆಸೋಟ ಸಂಸ್ಥಾನವು 2023ರಲ್ಲಿ ಮಾಡಿದ ಶಾಸನದಂತೆ, ನಿರ್ಮಾಪಕರು ದುರಸ್ತಿಗೆ ಬೇಕಾದ ಭಾಗಗಳನ್ನೂ ಕೈಪಿಡಿಗಳನ್ನೂ ಒಡೆಯರಿಗೆ ಒದಗಿಸಬೇಕು. ಐವತ್ತು ವರ್ಷಗಳ ಹಿಂದೆ ಸಹಜವಾಗಿದ್ದುದಕ್ಕೆ ಈಗ ಕಾನೂನಿನ ಆಶ್ರಯ ಬೇಕಾಗಿದೆ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಹೊರಗಿನವರ ವ್ಯವಹಾರವಲ್ಲ. ನಮ್ಮ ಕಾಲದ ದಾಖಲೆಗಳಲ್ಲಿ ಬಹುಭಾಗ ಇಂಥ ಯಂತ್ರಗಳಲ್ಲಿಯೇ ಹುಟ್ಟುತ್ತಿದೆ. ನಾನು ಪಾಠಹೇಳಿದ ಒಂದು ಕಾಲೇಜಿನಲ್ಲಿ ಹಳೆಯ ಗಣಕಯಂತ್ರಗಳನ್ನು ತೂಕಕ್ಕೆ ಹಾಕಿ ಗುಜರಿಗೆ ಮಾರಿದರು. ವಿದ್ಯಾರ್ಥಿಗಳು ಊರೂರು ಸುತ್ತಿ ಪ್ರತಿಮಾಡಿ ತಂದಿದ್ದ ಶಾಸನಪಾಠಗಳ ಫ್ಲಾಪಿಗಳು ಕಪಾಟಿನಲ್ಲಿ ಉಳಿದವು, ಅವನ್ನು ಓದಬಲ್ಲ ಯಂತ್ರ ಉಳಿಯಲಿಲ್ಲ. ಕೆಲವರ್ಷಗಳ ಮೇಲೆ, ಹಳೆಯ ಭಾಗಗಳನ್ನು ಕೂಡಿಟ್ಟಿದ್ದ ನಮ್ಮ ವಿದ್ಯಾರ್ಥಿಯೊಬ್ಬ ಒಂದು ಯಂತ್ರವನ್ನು ಜೋಡಿಸಿ, ಅವುಗಳಲ್ಲಿ ಅರ್ಧದಷ್ಟನ್ನು ಓದಿಕೊಟ್ಟ. ಉಳಿದವು ಹೋದವು. ಯಂತ್ರವನ್ನು ಬಿಚ್ಚಿ, ಅರಿತು, ಕಾಪಾಡಬಲ್ಲ ಕೈಗಳೂ ನಮ್ಮ ಆಕರಸಾಮಗ್ರಿಯ ರಕ್ಷಕರೆಂಬುದನ್ನು ಆ ದಿನ ನಾನು ತಿಳಿದೆ. ನಮ್ಮ ವಿಭಾಗಗಳು ಹಳೆಯ ಯಂತ್ರಗಳಲ್ಲಿ ಒಂದೆರಡನ್ನಾದರೂ ಚಾಲೂ ಸ್ಥಿತಿಯಲ್ಲಿ ಉಳಿಸಿಕೊಂಡು, ಅವುಗಳ ಕೈಪಿಡಿಗಳನ್ನು ಗ್ರಂಥಾಲಯದಲ್ಲಿರಿಸಿ, ಅವನ್ನು ಬಿಚ್ಚಿ ಜೋಡಿಸುವ ಅಭ್ಯಾಸವನ್ನು ಆಸಕ್ತ ವಿದ್ಯಾರ್ಥಿಗಳಿಗೆ ಮಾಡಿಸುವುದು ಅವಶ್ಯವೆಂದು ತೋರುತ್ತದೆ.