ಬಣ್ಣದೆಲೆಗಳ ಹಾದಿಯಲ್ಲಿ ಮರೆಯಾದ ಊರುಗಳು

ನಮ್ಮ ಪಂಚಾಂಗದಂತೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಸೇರಿ ಶರದೃತು. ಮಳೆ ಹಿಂದೆ ಸರಿದು, ಆಕಾಶ ತಿಳಿಯಾಗಿ, ದಸರೆ ದೀಪಾವಳಿಗಳು ಬರುವ ಕಾಲವದು. ಪಾಶ್ಚಾತ್ಯರ ‘ಆಟಮ್’ ಎಂಬ ಮಾತನ್ನು ನಾವು ಶರತ್ಕಾಲವೆಂದೇ ಕನ್ನಡಿಸುತ್ತೇವೆ. ಆದರೆ ನಮ್ಮ ಶರತ್ತಿನಲ್ಲಿ ಮರಗಳು ಮಳೆಗಾಲದ ಹಸುರನ್ನು ಇನ್ನೂ ಉಳಿಸಿಕೊಂಡಿರುತ್ತವೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ತೇಗದ ಮರ ಬೋಳಾಗುವುದು ಮಾಘ, ಫಾಲ್ಗುಣಗಳಲ್ಲಿ. ಯುಗಾದಿಯ ಹೊತ್ತಿಗೆ ಚಿಗುರು ಬಂದಾಗ ನಾವು ಸಂಭ್ರಮಿಸುತ್ತೇವೆಯೇ ಹೊರತು ಉದುರುವ ಎಲೆಯನ್ನು ನೋಡಲು ಬುತ್ತಿ ಕಟ್ಟಿಕೊಂಡು ಹೊರಟವರಲ್ಲ. ಶಾಲೆಗಳ ಅಂಗಳದಲ್ಲಿರುವ ಬಾದಾಮಿ ಮರ ಎಲೆ ಉದುರಿಸುವ ಮುನ್ನ ಕೆಂಪಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಮಕ್ಕಳ ಪಾಲಿಗೆ ಅದು ಬೆಳಿಗ್ಗೆ ಗುಡಿಸಬೇಕಾದ ಕಸವಷ್ಟೆ!

ಅಮೆರಿಕದ ಪೂರ್ವ ಭಾಗದಲ್ಲಿ ಹಾಗಲ್ಲ. ಅಲ್ಲಿ ಅಕ್ಟೋಬರ್ ತಿಂಗಳೆಂದರೆ ಕುಟುಂಬ ಸಮೇತರಾಗಿ ಬಣ್ಣದೆಲೆ ನೋಡಲು ಹೊರಡುವ ತಿಂಗಳು. ಮಗಳು ಮತ್ತು ಅಳಿಯ ಉತ್ತರ ವರ್ಜೀನಿಯಾದಲ್ಲಿ ನೆಲೆಸಿರುವುದರಿಂದ ಅಂತಹ ಪ್ರವಾಸಗಳಲ್ಲಿ ಭಾಗಿಯಾಗುವ ಅವಕಾಶ ನನಗೂ ಒದಗಿತು. ನಾವು ಹೋದದ್ದು ಬ್ಲೂ ರಿಜ್ ಪರ್ವತಶ್ರೇಣಿಯ ಮೇಲಿರುವ ಶೆನಂಡೋವಾ ರಾಷ್ಟ್ರೀಯ ಉದ್ಯಾನಕ್ಕೆ. ಅದರ ನೆತ್ತಿಯ ಮೇಲೆ 105 ಮೈಲಿ ಉದ್ದಕ್ಕೆ ಹಾವಿನಂತೆ ಸಾಗುವ ರಸ್ತೆಗೆ ಸ್ಕೈಲೈನ್ ಡ್ರೈವ್ ಎಂದು ಹೆಸರು. ಸೌಂದರ್ಯವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅದನ್ನು ಛಾಯಾಚಿತ್ರಗಳಿಗೆ ಬಿಡುತ್ತೇನೆ. ಸಮಾಜ ವಿಜ್ಞಾನ ಬೋಧಿಸಿದವನಿಗೆ ಸಹಜವಾದ ಕುತೂಹಲದಿಂದ ಆ ರಸ್ತೆಯ ಚರಿತ್ರೆಯನ್ನು ಓದಿದೆ. ಅದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಬಣ್ಣದ ಸಂಗತಿ. ಎಲೆಯ ಹಸುರಿಗೆ ಕಾರಣ ಪತ್ರಹರಿತ್ತು. ಹಗಲು ಕಿರಿದಾಗುತ್ತ ಬಂದಂತೆ ಮರವು ಅದರ ತಯಾರಿಕೆಯನ್ನು ನಿಲ್ಲಿಸುತ್ತದೆ. ಆಗ ಎಲೆಯಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ಮತ್ತು ಕಿತ್ತಳೆಯ ಕ್ಯಾರೊಟಿನಾಯ್ಡುಗಳು ಕಣ್ಣಿಗೆ ಬೀಳುತ್ತವೆ. ಕೆಂಪು ಮಾತ್ರ ಹಾಗೆ ಅಡಗಿದ್ದುದಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ದಿನಗಳಲ್ಲೇ ಹೊಸದಾಗಿ ತಯಾರಾಗುವ ಆಂಥೊಸಯನಿನ್ ಅದಕ್ಕೆ ಕಾರಣ. ಬಿಸಿಲಿನ ಹಗಲು ಮತ್ತು ಹಿಮಗಟ್ಟದಷ್ಟು ತಂಪಾದ ಇರುಳು ಒಂದರ ಹಿಂದೊಂದು ಬಂದರೆ ಕೆಂಪು ಕಳೆಗಟ್ಟುತ್ತದೆ. ಬಣ್ಣವು ಮೊದಲು ಬೆಟ್ಟದ ತುದಿಯಲ್ಲಿ ಕಾಣಿಸಿಕೊಂಡು ದಿನದಿನಕ್ಕೆ ಕಣಿವೆಯತ್ತ ಇಳಿಯುತ್ತದೆ. ಹಿಕರಿ ಮತ್ತು ಟ್ಯೂಲಿಪ್ ಮರಗಳು ಹಳದಿಯಾದರೆ, ಕೆಂಪು ಮೇಪಲ್ ಹೆಸರಿಗೆ ತಕ್ಕಂತೆ ಕೆಂಪಾಗುತ್ತದೆ.

ಇನ್ನು ರಸ್ತೆಯ ವಿಷಯ. ಪೂರ್ವದ ದೊಡ್ಡ ನಗರಗಳ ಜನರಿಗೆ ಹತ್ತಿರದಲ್ಲೊಂದು ರಾಷ್ಟ್ರೀಯ ಉದ್ಯಾನವಿರಬೇಕೆಂಬ ಬೇಡಿಕೆ 1920ರ ದಶಕದಲ್ಲಿ ಬಲವಾಯಿತು. ಬೆಟ್ಟದ ಮೇಲೆ ‘ಸ್ಕೈಲ್ಯಾಂಡ್’ ಎಂಬ ವಿಹಾರಧಾಮವನ್ನು ನಡೆಸುತ್ತಿದ್ದ ಜಾರ್ಜ್ ಫ್ರೀಮನ್ ಪೊಲಾಕ್ ಇದರ ಮುಖ್ಯ ಪ್ರಚಾರಕರಲ್ಲೊಬ್ಬರು. 1926ರಲ್ಲಿ ಅಮೆರಿಕದ ಸಂಸತ್ತು ಉದ್ಯಾನಕ್ಕೆ ಅನುಮತಿ ನೀಡಿತು. ಆದರೆ ಒಂದು ಷರತ್ತಿತ್ತು: ಭೂಮಿಯನ್ನು ಕೊಂಡು ಕೊಡುವ ಹೊಣೆ ವರ್ಜೀನಿಯಾ ರಾಜ್ಯದ್ದು. 1931ರಲ್ಲಿ, ಹೂವರ್ ಅಧ್ಯಕ್ಷರಾಗಿದ್ದಾಗ, ರಸ್ತೆಯ ಕೆಲಸ ಆರಂಭವಾಯಿತು. ಬಂಡೆಯನ್ನು ಕೊರೆದು 600 ಅಡಿಗೂ ಉದ್ದದ ಮೇರೀಸ್ ರಾಕ್ ಸುರಂಗವನ್ನು 1932ರಲ್ಲಿ ನಿರ್ಮಿಸಿದರು. ಮಧ್ಯದ ಭಾಗ 1934ರಲ್ಲಿ, ಉತ್ತರದ ಭಾಗ 1936ರಲ್ಲಿ, ದಕ್ಷಿಣದ ಭಾಗ 1939ರಲ್ಲಿ ಸಂಚಾರಕ್ಕೆ ತೆರೆದುಕೊಂಡವು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲೆಂದು ರೂಸ್‌ವೆಲ್ಟ್ ಸರ್ಕಾರ ಕಟ್ಟಿದ ಸಿವಿಲಿಯನ್ ಕನ್ಸರ್ವೇಷನ್ ಕೋರ್ 1933ರಿಂದ 1942ರವರೆಗೆ ಇಲ್ಲಿ ದುಡಿಯಿತು. ರಸ್ತೆಯ ಅಂಚಿನ ಕಲ್ಲಿನ ಗೋಡೆಗಳು, ಗಾಡಿ ನಿಲ್ಲಿಸಿ ಕಣಿವೆ ನೋಡುವ ಕಟ್ಟೆಗಳು, ಊಟದ ತಾಣಗಳು ಆ ಹುಡುಗರ ಕೈಕೆಲಸ. 1936ರ ಜುಲೈ 3ರಂದು ರೂಸ್‌ವೆಲ್ಟ್ ಅವರೇ ಬಂದು ಉದ್ಯಾನವನ್ನು ಸಮರ್ಪಿಸಿದರು.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಇದೊಂದು ಸುಂದರ ಕಥೆ. ಆದರೆ ಆ ಬೆಟ್ಟಗಳು ಖಾಲಿಯಾಗಿರಲಿಲ್ಲ. ಕಣಿವೆ ಕಣಿವೆಗಳಲ್ಲಿ ಜನ ತಲೆಮಾರುಗಳಿಂದ ಬಾಳುತ್ತಿದ್ದರು. ಜೋಳ ಬೆಳೆದು, ಸೇಬಿನ ತೋಪು ಮಾಡಿ, ದನ ಮೇಯಿಸಿ, ಚೆಸ್ಟ್‌ನಟ್ ಕಾಯಿ ಆಯ್ದು ಮಾರಿ ಜೀವಿಸುತ್ತಿದ್ದರು. ವರ್ಜೀನಿಯಾ 1928ರಲ್ಲಿ ವಿಶೇಷ ಕಾಯಿದೆಯೊಂದನ್ನು ಮಾಡಿ ಆ ಭೂಮಿಯನ್ನು ಸಗಟಾಗಿ ಸ್ವಾಧೀನಪಡಿಸಿಕೊಂಡಿತು. ರಾಬರ್ಟ್ ವಯಾ ಎಂಬ ಭೂಮಾಲೀಕ ಇದನ್ನು ಪ್ರಶ್ನಿಸಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರೂ 1935ರಲ್ಲಿ ಸೋತರು. ಸುಮಾರು 500 ಕುಟುಂಬಗಳು ಬೆಟ್ಟ ಇಳಿದವು. ಭೂಮಿಯಿದ್ದವರಿಗೆ ಪರಿಹಾರ ಸಿಕ್ಕಿತು. ಪರರ ಜಮೀನಿನಲ್ಲಿದ್ದ ಗೇಣಿದಾರರಿಗೆ ಅದೂ ಇಲ್ಲ. ಕೆಲವು ಕುಟುಂಬಗಳಿಗೆ ಸರ್ಕಾರ ತಪ್ಪಲಿನಲ್ಲಿ ಹೊಸ ಮನೆಗಳನ್ನು ಕಟ್ಟಿಸಿಕೊಟ್ಟಿತು. ಜನ ಮತ್ತೆ ಬರದಿರಲೆಂದು ಹಳೆಯ ಮನೆಗಳಲ್ಲಿ ಬಹುಪಾಲನ್ನು ಕೆಡವಿದರು ಇಲ್ಲವೆ ಸುಟ್ಟರು. ಕೆಲವು ವಯೋವೃದ್ಧರಿಗೆ ಮಾತ್ರ ಬದುಕಿರುವವರೆಗೆ ಅಲ್ಲಿಯೇ ಇರಲು ಅನುಮತಿ ದೊರೆಯಿತು. ಅವರಲ್ಲಿ ಕೊನೆಯವರು ತೀರಿಕೊಂಡದ್ದು 1979ರಲ್ಲಿ.

ಅಧ್ಯಾಪಕನಾದ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಈ ಜನರನ್ನು ಎಬ್ಬಿಸುವ ಮೊದಲು ಅವರು ಅನಾಗರಿಕರೆಂದು ಲೋಕಕ್ಕೆ ತೋರಿಸುವ ಕೆಲಸ ನಡೆಯಿತು. ಮಿರಿಯಂ ಸೈಜರ್ ಎಂಬ ಶಾಲಾ ಶಿಕ್ಷಕಿ ಐದು ಕಣಿವೆಗಳ ಕುಟುಂಬಗಳ ಲೆಕ್ಕ ಹಾಕಿ 1932ರಲ್ಲಿ ವರದಿ ಒಪ್ಪಿಸಿದರು. ಇವರನ್ನು ಬೆಟ್ಟದಿಂದ ಇಳಿಸುವುದೇ ಹಿತವೆಂಬುದು ಆಕೆಯ ನಿಲುವಾಗಿತ್ತು. ಮರುವರ್ಷ ಪ್ರಕಟವಾದ ‘ಹಾಲೋ ಫೋಕ್’ ಎಂಬ ಪುಸ್ತಕ ಅವರನ್ನು ನಾಗರಿಕತೆಯಿಂದ ದೂರ ಉಳಿದ ಹಿಂದುಳಿದ ಜನವೆಂದು ಚಿತ್ರಿಸಿತು. ಸತ್ಯವೇನು? 1990ರ ದಶಕದಲ್ಲಿ ಪುರಾತತ್ತ್ವಜ್ಞೆ ಆಡ್ರಿ ಹಾರ್ನಿಂಗ್ ಅದೇ ಕಣಿವೆಗಳನ್ನು ಶೋಧಿಸಿದಾಗ ಪಿಂಗಾಣಿ ಪಾತ್ರೆ, ಗ್ರಾಮಾಫೋನ್ ತಟ್ಟೆಯ ಚೂರು, ಮಕ್ಕಳ ಆಟಿಕೆ ಸಿಕ್ಕವು. ಅದಕ್ಕಿಂತ ದೊಡ್ಡ ಸಾಕ್ಷ್ಯ ಉದ್ಯಾನದ ಕಡತಗಳಲ್ಲೇ ಇತ್ತು. ಬೆಟ್ಟದ ಜನ ಅಧಿಕಾರಿಗಳಿಗೆ ಬರೆದ ಸುಮಾರು 300 ಪತ್ರಗಳು! ನೆಟ್ಟ ಬೆಳೆಯನ್ನು ಕೊಯ್ದುಕೊಳ್ಳಲು, ತೆರವಾದ ಮನೆಯ ಕಿಟಕಿಯನ್ನು ಒಯ್ಯಲು, ಸೌದೆ ಆರಿಸಿಕೊಳ್ಳಲು ಅನುಮತಿ ಬೇಡಿದ ಪತ್ರಗಳು. ಕ್ಯಾಟ್ರೀನಾ ಪೊವೆಲ್ ಅವುಗಳನ್ನು ಸಂಪಾದಿಸಿ 2009ರಲ್ಲಿ ಪುಸ್ತಕವಾಗಿ ಹೊರತಂದರು. ಒಂದು ಕಡೆ ಇವರಿಗೆ ತಿಳಿವಳಿಕೆಯಿಲ್ಲವೆಂಬ ವರದಿ. ಇನ್ನೊಂದು ಕಡೆ ಅವರದೇ ಕೈಬರಹದಲ್ಲಿ ನ್ಯಾಯ ಕೇಳುವ ಅರ್ಜಿ. ಮಕ್ಕಳನ್ನು ಬಲ್ಲೆವೆಂದು ಷರಾ ಬರೆಯುವ ನಮ್ಮಂಥ ಶಿಕ್ಷಕರು ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು.

ನಾವು ಕಾಣುವ ಬಣ್ಣವೂ ಈ ಚರಿತ್ರೆಯ ಫಲವೇ. ಒಂದು ಕಾಲಕ್ಕೆ ಆ ಕಾಡಿನಲ್ಲಿ ಮೇಲುಗೈಯಾಗಿದ್ದ ಮರ ಅಮೆರಿಕನ್ ಚೆಸ್ಟ್‌ನಟ್. 1904ರಲ್ಲಿ ನ್ಯೂಯಾರ್ಕಿನಲ್ಲಿ ಗುರುತಿಸಲಾದ ಶಿಲೀಂಧ್ರ ರೋಗವೊಂದು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿ, 1930ರ ದಶಕದ ಹೊತ್ತಿಗೆ ಆ ಮರಗಳನ್ನು ಕೊಂದುಹಾಕಿತ್ತು. ಜನರ ರೊಕ್ಕದ ಬೆಳೆಯೂ ಅದರೊಡನೆ ಹೋಯಿತು. ಅನಂತರ ಹೊಲಗಳೂ ಹುಲ್ಲುಗಾವಲುಗಳೂ ಪಾಳುಬಿದ್ದವು. ಅಲ್ಲಿ ಹೊಸ ಕಾಡು ಎದ್ದಿತು. ಇಂದು ಜನ ಬಾಯಿ ಬಿಟ್ಟು ನೋಡುವ ಎಷ್ಟೋ ಬಣ್ಣದ ಮರಗಳು ಯಾರದೋ ಜೋಳದ ಹೊಲದಲ್ಲಿ ಬೇರು ಬಿಟ್ಟಿವೆ.

ಇನ್ನೊಂದು ಮಾತು. ಉದ್ಯಾನವು ಎಲ್ಲ ಕುಟುಂಬಗಳಿಗೂ ಸಮಾನವಾಗಿ ತೆರೆದಿರಲಿಲ್ಲ. ವರ್ಣಭೇದ ಪಾಲಿಸುತ್ತಿದ್ದ ವರ್ಜೀನಿಯಾದಲ್ಲಿ ಕಪ್ಪು ಜನರಿಗೆಂದು ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ತಾಣವನ್ನು 1939ರಲ್ಲಿ ತೆರೆದರು. ವಾಷಿಂಗ್ಟನ್ನಿನಲ್ಲಿ ಆಂತರಿಕ ಇಲಾಖೆಯ ಸಲಹೆಗಾರರಾಗಿದ್ದ ವಿಲಿಯಂ ಟ್ರೆಂಟ್ ಈ ವಿಂಗಡಣೆಯನ್ನು ಬಿಡದೆ ವಿರೋಧಿಸಿದರು. ಪ್ರತ್ಯೇಕತೆ ಕೂಡದೆಂಬ ಆದೇಶ 1945ರಲ್ಲಿ ಬಂದು, ಅದು ಪೂರ್ಣವಾಗಿ ಜಾರಿಯಾಗುವ ವೇಳೆಗೆ 1950 ಆಗಿತ್ತು. ಅಮೆರಿಕಕ್ಕೆ ನಮ್ಮವರ ದೊಡ್ಡ ವಲಸೆ ಆರಂಭವಾದದ್ದು 1965ರ ವಲಸೆ ಕಾಯಿದೆಯ ಅನಂತರ. ಇಂದು ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿ ಅಲ್ಲಿನ ಮೇಜುಗಳಲ್ಲಿ ಕನ್ನಡದಲ್ಲಿ ಹರಟುತ್ತ ಕುಳಿತುಕೊಳ್ಳುವ ನಮ್ಮ ಕುಟುಂಬಗಳು ಆ ಮೇಜು ಎಲ್ಲರದಾಗಲು ಹೋರಾಡಿದವರಿಗೆ ಋಣಿಗಳು.

ಉದ್ಯಾನವೇ ಬೇಡವಾಗಿತ್ತೆಂದು ನಾನು ಹೇಳಲಾರೆ. ಸುಮಾರು 2 ಲಕ್ಷ ಎಕರೆ ಕಾಡು ಉಳಿದದ್ದು, ನಗರದ ಮಗುವೊಂದು ಕರಡಿಯ ಹೆಜ್ಜೆ ಕಾಣುವಂತಾದದ್ದು ಸಣ್ಣ ಲಾಭವಲ್ಲ. ಆದರೆ ಲಾಭ ಪಡೆದವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು. ಲಿಂಗನಮಕ್ಕಿಯ ನೀರಿನಡಿ ಊರು ಬಿಟ್ಟವರನ್ನು ಬಲ್ಲ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ದೀಪ ಉರಿಯುವುದೂ ನಿಜ, ಊರು ಮುಳುಗಿದ್ದೂ ನಿಜ.

ಸಮಾಧಾನದ ಸಂಗತಿಯೆಂದರೆ ಮರೆವು ಪೂರ್ತಿಯಾಗಿಲ್ಲ. ಸ್ಥಳಾಂತರಗೊಂಡವರ ಮಕ್ಕಳು, ಮೊಮ್ಮಕ್ಕಳು ಸೇರಿ ಉದ್ಯಾನದ ಸುತ್ತಲಿನ ಕೌಂಟಿಗಳಲ್ಲಿ ಕಲ್ಲಿನ ಹೊಗೆಗೂಡುಗಳನ್ನೇ ಸ್ಮಾರಕವಾಗಿ ನಿಲ್ಲಿಸುವ ಕೆಲಸ ಕೈಗೊಂಡರು. ಮನೆ ಸುಟ್ಟ ಮೇಲೂ ನಿಂತುಳಿಯುವುದು ಹೊಗೆಗೂಡು ತಾನೆ? ನಿಕೋಲ್ಸನ್ ಕಣಿವೆಯಲ್ಲಿ ಕಾರ್ಬಿನ್ ಕುಟುಂಬದ ಮರದ ದಿಮ್ಮಿಯ ಮನೆಯೊಂದು ಬಹುಕಾಲ ಉಳಿದಿತ್ತು. ಕಾಲುಹಾದಿಗಳ ಪಕ್ಕದಲ್ಲಿ ಹಳೆಯ ಕಲ್ಲುಬೇಲಿ, ಕಾಡುಬಿದ್ದ ಸೇಬಿನ ಗಿಡ, ಚಿಕ್ಕ ಸ್ಮಶಾನಗಳು ಕಾಣಸಿಗುತ್ತವೆ.

ಆ ಕಡೆ ಮಕ್ಕಳ ಮನೆಗೆ ಹೋಗುವ ನನ್ನ ಓರಗೆಯವರಲ್ಲಿ ಒಂದು ವಿನಂತಿ. ಅಕ್ಟೋಬರಿನಲ್ಲಿ ಬೆಟ್ಟಕ್ಕೆ ಖಂಡಿತ ಹೋಗಿ, ಕಣ್ತುಂಬ ಬಣ್ಣ ನೋಡಿ. ಆದರೆ ಕಟ್ಟೆಯ ಬಳಿ ಚಿತ್ರ ತೆಗೆದುಕೊಂಡು ಹಿಂದಿರುಗಬೇಡಿ. ಮೊಮ್ಮಕ್ಕಳ ಕೈ ಹಿಡಿದು ಕಾಲುಹಾದಿಯಲ್ಲಿ ಅರ್ಧ ಗಂಟೆ ನಡೆಯಿರಿ. ಎಲೆಗಳ ನಡುವೆ ಅಡಿಪಾಯದ ಕಲ್ಲು ಕಂಡರೆ, ಇಲ್ಲೊಂದು ಮನೆಯಿತ್ತು, ಇಲ್ಲಿ ನಿನ್ನ ವಯಸ್ಸಿನ ಮಕ್ಕಳು ಆಡುತ್ತಿದ್ದರು ಎಂದು ಹೇಳಿ. ಎಲೆ ಏಕೆ ಕೆಂಪಾಗುತ್ತದೆಂದು ಶಾಲೆ ಹೇಗೂ ಹೇಳಿಕೊಡುತ್ತದೆ. ಇದನ್ನು ಮಾತ್ರ ಹಿರಿಯರಾದ ನಾವೇ ಹೇಳಬೇಕು.